ಯಮಪಟವನ್ನು ಓದುವ ಬಗೆ: ಗರುಡಪುರಾಣ ಮತ್ತು ಹಳೆಯ ಕಲ್ಲಚ್ಚಿನ ನರಕಚಿತ್ರಗಳು

ಯಮಪಟ ಎಂದರೇನು

ಸತ್ತ ಮೇಲೆ ಜೀವವು ಎದುರಿಸುವ ವಿಚಾರಣೆಯನ್ನೂ ಶಿಕ್ಷೆಯನ್ನೂ ಚಿತ್ರದಲ್ಲಿ ತೋರಿಸುವ ಪಟಕ್ಕೆ ಯಮಪಟವೆಂದು ಹೆಸರು. ಈ ಕಲೆ ಬಹಳ ಹಳೆಯದು. 7ನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದಲ್ಲಿ, ತಂದೆಯ ಕಾಯಿಲೆಯ ಸುದ್ದಿ ಕೇಳಿ ರಾಜಧಾನಿಗೆ ಮರಳುವ ಹರ್ಷನ ಕಣ್ಣಿಗೆ ಪೇಟೆಯ ಬೀದಿಯಲ್ಲಿ ಯಮಪಟ ತೋರಿಸುವವನೊಬ್ಬ ಬೀಳುತ್ತಾನೆ. ಕೋಲಿಗೆ ಇಳಿಬಿಟ್ಟ ಬಟ್ಟೆಯ ಮೇಲೆ ಕೋಣವನ್ನೇರಿದ ಯಮನ ಚಿತ್ರ. ಸುತ್ತ ಕುತೂಹಲದ ಮಕ್ಕಳು. ಕೈಯಲ್ಲೊಂದು ಕಡ್ಡಿ ಹಿಡಿದು ಅವನು ಪರಲೋಕದ ಸಂಗತಿಗಳನ್ನು ವಿವರಿಸುತ್ತಿರುತ್ತಾನೆ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನ ಗೂಢಚಾರ ನಿಪುಣಕ ಇಂಥ ಪಟವನ್ನೇ ಹಿಡಿದು ಮನೆಮನೆ ತಿರುಗುತ್ತಾನೆ. ಪಟ ತೋರಿಸುವವನನ್ನು ಯಾವ ಮನೆಯವರೂ ಅನುಮಾನಿಸದೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದಲ್ಲಿ ಬಣ್ಣದ ಅಚ್ಚು ಅಗ್ಗವಾದಾಗ ಯಮಪಟ ಬಟ್ಟೆಯಿಂದ ಕಾಗದಕ್ಕೆ ಇಳಿಯಿತು. ಉತ್ತರದ ಪೇಟೆಗಳಲ್ಲಿ ಇಂಥ ಅಚ್ಚುಗಳು ‘ಕರ್ನಿ ಭರ್ನಿ’ ಎಂಬ ಹೆಸರಿನಿಂದ ಪ್ರಸಿದ್ಧವಾದವು. ಮಾಡಿದ್ದುಣ್ಣೋ ಮಹಾರಾಯ ಎಂಬ ಕನ್ನಡದ ಗಾದೆ ಹೇಳುವುದೂ ಅದನ್ನೇ. ಇಂಥ ಅಚ್ಚನ್ನು ನೋಡಿದವರು ಸಾಮಾನ್ಯವಾಗಿ ಅಂಜುತ್ತಾರೆ, ಇಲ್ಲವೇ ಮೂಢನಂಬಿಕೆಯೆಂದು ಮುಖ ತಿರುಗಿಸುತ್ತಾರೆ. ಎರಡೂ ಅವಸರದ ಪ್ರತಿಕ್ರಿಯೆಗಳು. ಯಮಪಟವು ಪುಟದಂತೆ ಓದಬೇಕಾದ ಚಿತ್ರ. ಅದನ್ನು ಓದಲು ಹಿಂದಿರುವ ಪದ್ಯ, ಮುಂದಿರುವ ಅಚ್ಚು ಎರಡರ ಪರಿಚಯವೂ ಬೇಕು.

ಚಿತ್ರದ ಹಿಂದಿರುವ ಪದ್ಯ

ಇಂಥ ಪಟಗಳ ಮುಖ್ಯ ಆಧಾರ ಗರುಡಪುರಾಣದ ಪ್ರೇತಕಾಂಡ. ಗರುಡ ಪ್ರಶ್ನಿಸುತ್ತಾನೆ, ವಿಷ್ಣು ಉತ್ತರಿಸುತ್ತಾನೆ. ಸಾವು, ಜೀವದ ಪಯಣ, ಯಮನ ವಿಚಾರಣೆ, ನರಕ, ಪುನರ್ಜನ್ಮ ಎಲ್ಲವೂ ಈ ಸಂವಾದದಲ್ಲಿ ಶ್ಲೋಕರೂಪದಲ್ಲಿ ಬರುತ್ತವೆ. ಇದೇ ವಿಷಯವನ್ನು ನೌನಿಧಿರಾಮನೆಂಬ ರಾಜಸ್ಥಾನದ ಪಂಡಿತ ‘ಗರುಡಪುರಾಣ ಸಾರೋದ್ಧಾರ’ವೆಂಬ 16 ಅಧ್ಯಾಯಗಳ ಕೃತಿಯಲ್ಲಿ ಅಡಕಗೊಳಿಸಿದ. ಸಾವು ಸಂಭವಿಸಿದ ಮನೆಗಳಲ್ಲಿ ಸೂತಕದ ದಿನಗಳಲ್ಲಿ ಗರುಡಪುರಾಣವನ್ನು ಓದಿಸುವ ಪದ್ಧತಿ ಇಂದಿಗೂ ಹಲವು ಸಮುದಾಯಗಳಲ್ಲಿದೆ. ನಗುವ ಮನೆಯಲ್ಲಿ ಇದನ್ನು ತೆರೆಯಬಾರದು ಎಂಬ ನಂಬಿಕೆಯೂ ಅಷ್ಟೇ ವ್ಯಾಪಕ. ಪಟವಾದರೋ ವರ್ಷವಿಡೀ ಗೋಡೆಯ ಮೇಲಿರುತ್ತದೆ. ಗ್ರಂಥಕ್ಕೂ ಪಟಕ್ಕೂ ಇರುವ ಮೊದಲ ವ್ಯತ್ಯಾಸ ಇದು.

ಪದ್ಯ ಹೇಳುವ ಕಥೆ ಮೂಲತಃ ಒಂದು ದೀರ್ಘ ಪ್ರಯಾಣದ್ದು. ಮನುಷ್ಯಲೋಕಕ್ಕೂ ಯಮಲೋಕಕ್ಕೂ ನಡುವಿನ ದೂರ 86,000 ಯೋಜನ. ಸತ್ತ ಮೇಲಿನ ಹತ್ತು ದಿನ ಮಕ್ಕಳು ಇಡುವ ಪಿಂಡಗಳಿಂದ ತಲೆ, ಕೊರಳು, ಎದೆ ಎಂದು ಕ್ರಮವಾಗಿ ಒಂದು ಯಾತನಾಶರೀರ ರೂಪುಗೊಳ್ಳುತ್ತದೆ. 13ನೆಯ ದಿನ ಯಮದೂತರು ಜೀವವನ್ನು ಕಟ್ಟಿ ಎಳೆದೊಯ್ಯುತ್ತಾರೆ. ನೆರಳಿಲ್ಲದ, ನೀರಿಲ್ಲದ ಆ ದಾರಿಯಲ್ಲಿ ಸೌಮ್ಯಪುರದಿಂದ ಬಹುಭೀತಿಪುರದವರೆಗೆ 16 ಪಟ್ಟಣಗಳಿವೆ. ಮನೆಯಲ್ಲಿ ತಿಂಗಳು ತಿಂಗಳು ನಡೆಯುವ ಮಾಸಿಕ ಶ್ರಾದ್ಧದ ಅನ್ನ ಈ ಪಟ್ಟಣಗಳಲ್ಲಿ ಜೀವಕ್ಕೆ ದೊರೆಯುತ್ತದೆ. ವರ್ಷ ತುಂಬುವ ಹೊತ್ತಿಗೆ ಪಯಣ ಮುಗಿಯುತ್ತದೆ. ವರ್ಷಾಬ್ದಿಕದವರೆಗೆ ನಡೆಸುವ ಕ್ರಿಯೆಗಳ ಲೆಕ್ಕಾಚಾರವೆಲ್ಲ ಈ ಭೂಗೋಳದ ಮೇಲೆ ನಿಂತಿದೆ.

ನರಕಗಳ ಸಂಖ್ಯೆಯಲ್ಲಿ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಗರುಡಪುರಾಣದ ಪ್ರಕಾರ ನರಕಗಳು 84 ಲಕ್ಷ. ಅವುಗಳಲ್ಲಿ ಅತಿಘೋರವಾದವು 21. ಭಾಗವತ ಪುರಾಣದ ಐದನೆಯ ಸ್ಕಂಧದ 26ನೆಯ ಅಧ್ಯಾಯ 28 ನರಕಗಳನ್ನು ಹೆಸರಿಸಿ, ಯಾವ ಪಾಪಕ್ಕೆ ಯಾವುದು ಎಂದು ಒಂದೊಂದಾಗಿ ಹೇಳುತ್ತದೆ. ಶಿಕ್ಷೆಗಳ ಚಿತ್ರಗಳನ್ನು ಗುರುತಿಸುವವರಿಗೆ ಈ ಅಧ್ಯಾಯದಷ್ಟು ನೆರವಾಗುವುದು ಬೇರೊಂದಿಲ್ಲ.

ಕಲ್ಲಿನಿಂದ ಕಾಗದಕ್ಕೆ

ಕಲ್ಲಚ್ಚನ್ನು 1796ರಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ. ನೀರಿಗೂ ಜಿಡ್ಡಿಗೂ ಹೊಂದಿಕೆಯಿಲ್ಲ ಎಂಬ ಸರಳ ಗುಣವೇ ಅದರ ತತ್ತ್ವ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ಹದಗೊಳಿಸಿ, ನೀರು ಸವರಿ, ಮೇಲೆ ಮಸಿ ಉರುಳಿಸುತ್ತಾರೆ. ಒದ್ದೆಯಾದ ಭಾಗ ಮಸಿಯನ್ನು ದೂರವಿಡುತ್ತದೆ, ಜಿಡ್ಡಿನ ಗೆರೆ ಹಿಡಿದುಕೊಳ್ಳುತ್ತದೆ. ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಬಣ್ಣದ ಅಚ್ಚಿಗೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಹಾಳೆ ಎಲ್ಲ ಕಲ್ಲುಗಳ ಮೇಲೂ ಸರದಿಯಲ್ಲಿ ಹಾದುಹೋಗಬೇಕು. ಕೂದಲೆಳೆಯಷ್ಟು ಸರಿದರೂ ಯಮನ ಕಿರೀಟದ ಚಿನ್ನದ ಬಣ್ಣ ಹಣೆಯ ಮೇಲೆ ಬಂದು ಕೂರುತ್ತದೆ. ಹಳೆಯ ಪಟಗಳ ಅಂಚಿನಲ್ಲಿ ಕಾಣುವ ಇಂಥ ಬಣ್ಣದ ಜಾರುವಿಕೆ ಕಲ್ಲಚ್ಚಿನ ಗುರುತುಗಳಲ್ಲೊಂದು.

ಭಾರತದಲ್ಲಿ ಕಲಕತ್ತಾ ಆರ್ಟ್ ಸ್ಟುಡಿಯೊ ಮತ್ತು ಪುಣೆಯ ಚಿತ್ರಶಾಲಾ ಮುದ್ರಣಾಲಯ ಎರಡೂ 1878ರಲ್ಲಿ ಆರಂಭವಾದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತನ್ನ ಮುದ್ರಣಾಲಯವನ್ನು ತೆರೆದ. ಪ್ಲೇಗಿನ ಕಾಲದಲ್ಲಿ, 1899ರಲ್ಲಿ, ಅದು ಲೋಣಾವಳದ ಬಳಿಯ ಮಳವಳಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡುಕೊಂಡ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾಳೆಯ ತಳದಲ್ಲಿ ರವಿವರ್ಮ ಮುದ್ರಣಾಲಯದ ಹೆಸರಿದ್ದ ಮಾತ್ರಕ್ಕೆ ಆ ಚಿತ್ರ ರವಿವರ್ಮನದ್ದಾಗುವುದಿಲ್ಲ. 1906ರಲ್ಲಿ ಆತ ತೀರಿಕೊಂಡ ಬಳಿಕವೂ ಆ ಹೆಸರಿನಲ್ಲಿ ಬೇರೆ ಕಲಾವಿದರ ನೂರಾರು ಚಿತ್ರಗಳು ಹೊರಬಂದವು. ಜನರ ಬಾಯಲ್ಲಿ ಎಲ್ಲ ಹಳೆಯ ದೇವರ ಪಟವೂ ‘ರವಿವರ್ಮನ ಪಟ’ವೇ. ಯಮಪಟಗಳನ್ನು ಆತನ ಕೈಕೆಲಸವೆಂದು ಮಾರುವವರ ಮಾತನ್ನು ನಂಬಬಾರದು.

ನಡುವೆ ಆಸ್ಥಾನ, ಸುತ್ತ ಶಿಕ್ಷೆ

ಈ ಬಗೆಯ ಪಟಗಳಲ್ಲಿ ದೊಡ್ಡದಾಗಿ, ಎದ್ದುಕಾಣುವಂತೆ ಇರುವುದು ಯಮನ ಆಸ್ಥಾನ. ಸಿಂಹಾಸನದಲ್ಲಿ ಯಮ, ಪಕ್ಕದಲ್ಲಿ ಲೆಕ್ಕದ ಪುಸ್ತಕ ತೆರೆದ ಚಿತ್ರಗುಪ್ತ, ಎದುರಿಗೆ ಕೈಮುಗಿದ ಜೀವಗಳು, ಅವರನ್ನು ಎಳೆತರುವ ದೂತರು. ಸುತ್ತಲೂ ಚಿಕ್ಕ ಚಿಕ್ಕ ಚೌಕಗಳಲ್ಲಿ ಪಾಪವೂ ಅದರ ಫಲವೂ ಇರುತ್ತವೆ. ಕೆಳಗೆ ಒಂದು ಸಾಲಿನ ವಿವರಣೆ. ಆದ್ದರಿಂದ ಓದು ಎಡದಿಂದ ಬಲಕ್ಕೆ ಸಾಗಬಾರದು. ಮೊದಲು ನಡುವಿನ ತೀರ್ಪು, ಬಳಿಕ ಅಲ್ಲಿಂದ ಹೊರಕ್ಕೆ ಹರಡುವ ಶಿಕ್ಷೆ. ಕಣ್ಣು ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ನಡುವಿನ ಯಮನ ಮುಂದಿನಿಂದಲೇ ಹಾಯಬೇಕು. ಈ ವಿನ್ಯಾಸ ಆಕಸ್ಮಿಕವಲ್ಲ. ಶಿಕ್ಷೆ ಎಲ್ಲೇ ನಡೆಯಲಿ, ಅದು ವಿಚಾರಣೆಯಿಂದ ಹೊರಟದ್ದು ಎಂಬುದನ್ನು ಮಾತಿಲ್ಲದೆ ಹೇಳುವ ಜಾಣತನ ಅದರಲ್ಲಿದೆ.

ಯಮನ ರೂಪವನ್ನು ಗಮನಿಸಬೇಕು. ಸಾರೋದ್ಧಾರದ ಪ್ರಕಾರ ಯಮ ಎಲ್ಲರಿಗೂ ಒಂದೇ ರೀತಿ ಕಾಣುವುದಿಲ್ಲ. ಪಾಪಿಗೆ ಕಾಣುವವನು ಕೋಣವನ್ನೇರಿದ, ದಂಡ ಹಿಡಿದ, 32 ತೋಳುಗಳ ಭಯಂಕರ ಪುರುಷ. ಪುಣ್ಯವಂತನಿಗೆ ಅವನೇ ಶಂಖಚಕ್ರ ಧರಿಸಿದ ನಾಲ್ಕು ಭುಜಗಳ ಸೌಮ್ಯಮೂರ್ತಿ. ಯಮನ ಪಟ್ಟಣಕ್ಕೆ ನಾಲ್ಕು ಬಾಗಿಲುಗಳಿದ್ದು, ಪಾಪಿಗಳು ದಕ್ಷಿಣದ್ವಾರದಿಂದಲೂ ಪುಣ್ಯವಂತರು ಉಳಿದ ದ್ವಾರಗಳಿಂದಲೂ ಒಳಹೋಗುತ್ತಾರೆ. ಪಟ ಬರೆಯುವವನಿಗೆ ಇದೊಂದು ಕಷ್ಟದ ಸಂಧಿ. ಒಂದೇ ಹಾಳೆಯಲ್ಲಿ ಎರಡು ಯಮರನ್ನು ಕೂರಿಸುವುದು ಹೇಗೆ? ಹೆಚ್ಚಿನವರು ಕಂಡುಕೊಂಡ ದಾರಿ ಯಮನನ್ನು ಕಿರೀಟಧಾರಿ ಧರ್ಮರಾಜನನ್ನಾಗಿ ಮಾಡಿ, ಭಯಂಕರ ಅಂಶವನ್ನೆಲ್ಲ ಕೋರೆದಾಡೆಯ ದೂತರ ಮೈಗೆ ವರ್ಗಾಯಿಸುವುದು. ಹೀಗಾಗಿ ಪಟದ ಯಮ ಪದ್ಯದ ಯಮನಿಗಿಂತ ಶಾಂತ. ಅವನು ಹಿಂಸಿಸುವವನಾಗಿ ಕಾಣದೆ ನ್ಯಾಯಾಧೀಶನಾಗಿ ಕಾಣುತ್ತಾನೆ.

ಚಿತ್ರಗುಪ್ತನ ಪುಸ್ತಕಕ್ಕೆ ಸುದ್ದಿ ಒದಗಿಸುವವರು ಯಾರು? ಪದ್ಯದಲ್ಲಿ ಶ್ರವಣರೆಂಬ ದೇವತೆಗಳಿದ್ದಾರೆ. ಮನುಷ್ಯರು ಮರೆಯಲ್ಲಿ ಆಡಿದ್ದನ್ನೂ ಮಾಡಿದ್ದನ್ನೂ ದೂರದಿಂದಲೇ ಕೇಳಿ ಅವರು ವರದಿ ಒಪ್ಪಿಸುತ್ತಾರೆ. ಸೂರ್ಯ, ಚಂದ್ರ, ಅಗ್ನಿ, ಗಾಳಿ, ಭೂಮಿ, ನೀರು, ಹಗಲು, ಇರುಳು, ಎರಡು ಸಂಧ್ಯೆಗಳು, ಕೊನೆಗೆ ಮನುಷ್ಯನ ಹೃದಯ ಕೂಡ ಸಾಕ್ಷಿಗಳು. ಪಟದ ಮೇಲ್ಭಾಗದಲ್ಲಿ ಸೂರ್ಯಚಂದ್ರರು ಕಂಡರೆ ಅವರನ್ನು ಅಲಂಕಾರವೆಂದು ತಳ್ಳಿಹಾಕಬಾರದು. ಅವರು ಕಟಕಟೆಯ ಸಾಕ್ಷಿಗಳು.

ಶಿಕ್ಷೆಯ ಚೌಕಗಳನ್ನು ಗುರುತಿಸುವುದು

ಕುದಿಯುವ ಎಣ್ಣೆಯ ಕೊಪ್ಪರಿಗೆ ಕಂಡರೆ ಅದು ಕುಂಭೀಪಾಕ. ಭಾಗವತದ ಪ್ರಕಾರ ಪ್ರಾಣಿಪಕ್ಷಿಗಳನ್ನು ಜೀವಂತವಾಗಿ ಬೇಯಿಸಿದವರ ಗತಿ ಇದು. ಎಲೆಗಳೇ ಕತ್ತಿಗಳಾದ ಕಾಡು ಅಸಿಪತ್ರವನ; ಸಾರೋದ್ಧಾರ ಅದರ ಉದ್ದಗಲವನ್ನು ಎರಡು ಸಾವಿರ ಯೋಜನವೆನ್ನುತ್ತದೆ. ಮೈತುಂಬ ಮುಳ್ಳಿರುವ ಬೂರುಗದ ಮರ ಶಾಲ್ಮಲಿ. ಕಾದ ಕಬ್ಬಿಣದ ಹೆಣ್ಣುಬೊಂಬೆಯನ್ನು ಅಪ್ಪಿಕೊಂಡ ಗಂಡಸು, ಗಂಡುಬೊಂಬೆಯನ್ನು ಅಪ್ಪಿಕೊಂಡ ಹೆಂಗಸು ಕಂಡರೆ ಅದು ತಪ್ತಸೂರ್ಮಿ, ವ್ಯಭಿಚಾರಕ್ಕೆ ಶಿಕ್ಷೆ. ಬಾಯಿಗೆ ಕರಗಿದ ಕಬ್ಬಿಣ ಸುರಿಯುತ್ತಿದ್ದರೆ ಅಯಃಪಾನ. ಮದ್ಯಪಾನದ ನಿಷೇಧವನ್ನು ಮೀರಿದವರಿಗೆ ಮೀಸಲು.

ಹೆಚ್ಚು ಜನರ ಗಮನಕ್ಕೆ ಬಾರದ ಆದರೆ ಹೆಚ್ಚು ಅರ್ಥವುಳ್ಳ ಶಿಕ್ಷೆಗಳು ಬೇರೆ ಇವೆ. ನಿರಪರಾಧಿಯನ್ನು ದಂಡಿಸಿದ ರಾಜ ಮತ್ತು ರಾಜಪುರುಷರಿಗೆ ಸೂಕರಮುಖವೆಂಬ ನರಕ. ಅಲ್ಲಿ ಅವರ ಮೈಯನ್ನು ಗಾಣದಲ್ಲಿ ಕಬ್ಬು ಅರೆದಂತೆ ಅರೆಯುತ್ತಾರೆ. ಈ ಹೋಲಿಕೆ ಮೂಲ ಗ್ರಂಥದ್ದೇ. ಮನೆಗೆ ಬೆಂಕಿ ಇಟ್ಟವರನ್ನು, ವಿಷ ಹಾಕಿದವರನ್ನು, ಊರನ್ನೂ ವ್ಯಾಪಾರಿಗಳನ್ನೂ ಸುಲಿದ ಅರಸರನ್ನು ಮತ್ತು ಅವರ ಭಟರನ್ನು ಸಾರಮೇಯಾದನದಲ್ಲಿ 720 ನಾಯಿಗಳು ಕಡಿಯುತ್ತವೆ. ಸಾಕ್ಷಿ ನುಡಿಯುವಾಗ, ಸರಕು ಮಾರುವಾಗ, ದಾನ ಕೊಡುವಾಗ ಸುಳ್ಳಾಡಿದವನನ್ನು ಅವೀಚಿಯಲ್ಲಿ ನೂರು ಯೋಜನ ಎತ್ತರದ ಬೆಟ್ಟದಿಂದ ತಲೆಕೆಳಗಾಗಿ ಕೆಡವುತ್ತಾರೆ. ಕೆಳಗಿನ ಕಲ್ಲುನೆಲ ನೀರಿನಂತೆ ಹೊಳೆದು ಮೋಸಗೊಳಿಸುತ್ತದೆ. ಮೋಸಗಾರನಿಗೆ ಮೋಸದ ನೆಲ. ಪಾಪದ ಸ್ವರೂಪವೇ ಶಿಕ್ಷೆಯ ಸ್ವರೂಪವನ್ನು ನಿರ್ಧರಿಸುವ ಈ ಕ್ರಮ ಕಾವ್ಯಗುಣವುಳ್ಳದ್ದು, ಚಿತ್ರಕಾರನಿಗೂ ಅನುಕೂಲವಾದದ್ದು: ಶಿಕ್ಷೆಯನ್ನು ನೋಡಿ ಪಾಪವನ್ನು ಊಹಿಸಬಹುದು.

ಪಟವನ್ನು ಓದುವವರು ಇಲ್ಲಿ ಒಂದು ಎಣಿಕೆ ಮಾಡಲೇಬೇಕು. ಎಷ್ಟು ಚೌಕಗಳು ಹೆಂಗಸರ ತಪ್ಪಿಗೆ ಮೀಸಲು? ಎಷ್ಟು ಬಡವನ ಕಳ್ಳತನಕ್ಕೆ? ಅಧಿಕಾರಸ್ಥರ ದಬ್ಬಾಳಿಕೆಗೆ ಎಷ್ಟು? ಪದ್ಯ ಅರಸನನ್ನೂ ಗಾಣಕ್ಕೆ ಹಾಕುತ್ತದೆ. ಪಟ ಅವನನ್ನು ಬಿಟ್ಟುಬಿಟ್ಟಿದ್ದರೆ, ಆ ಆಯ್ಕೆ ಧರ್ಮಗ್ರಂಥದ್ದಲ್ಲ. ಪಟ ಬರೆಸಿದವರದ್ದು, ಮಾರಿದವರದ್ದು, ಅವರ ಕಾಲದ್ದು.

ಪಟ ಬಿಟ್ಟುಬಿಟ್ಟದ್ದು

ಪದ್ಯವನ್ನೂ ಪಟವನ್ನೂ ಅಕ್ಕಪಕ್ಕ ಇಟ್ಟಾಗ ಎದ್ದುಕಾಣುವ ದೊಡ್ಡ ಸಂಗತಿಯೆಂದರೆ ಪ್ರಯಾಣದ ಗೈರುಹಾಜರಿ. ಒಂದು ವರ್ಷದ ದಾರಿ, 16 ಪಟ್ಟಣ, ಹಿಂದಿರುಗಿ ನೋಡಿ ಮನೆಯವರನ್ನು ನೆನೆದು ಅಳುವ ಜೀವ, ಇವೆಲ್ಲವೂ ಪಟದಲ್ಲಿ ಕುಗ್ಗಿಹೋಗುತ್ತವೆ. ಉಳಿಯುವುದು ತೀರ್ಪು ಮತ್ತು ಶಿಕ್ಷೆ. ಇದಕ್ಕೆ ಒಂದು ಕಾರಣ ತಾಂತ್ರಿಕ: ಕಾಲದಲ್ಲಿ ಸಾಗುವ ಕಥೆಯನ್ನು ಒಂದೇ ಹಾಳೆಯಲ್ಲಿ ಹಿಡಿಯುವುದು ಕಷ್ಟ. ಇನ್ನೊಂದು ಕಾರಣ ಮಾರುಕಟ್ಟೆಯದು: ದೂರದಿಂದಲೇ ಕಣ್ಣು ಸೆಳೆಯುವುದು ಬೆಂಕಿ ಮತ್ತು ಗರಗಸ.

ಇದರ ಫಲವಾಗಿ ಪದ್ಯದ ಕರುಣೆಯ ಭಾಗ ಮರೆಯಾಯಿತು. ಗರುಡಪುರಾಣ ಹೆದರಿಸುವ ಗ್ರಂಥವೆಂಬ ಹೆಸರಿಗೆ ಪಟಗಳ ಕೊಡುಗೆ ಸಣ್ಣದಲ್ಲ. ಗ್ರಂಥದಲ್ಲಾದರೋ ಪ್ರತಿ ಸಂಕಟಕ್ಕೂ ಒಂದು ಪರಿಹಾರ ಹೇಳಿದೆ: ಬದುಕಿದ್ದಾಗ ಕೊಟ್ಟ ನೀರು ದಾರಿಯಲ್ಲಿ ಬಾಯಾರಿಕೆ ನೀಗುತ್ತದೆ, ಕೊಟ್ಟ ಕೊಡೆ ಬಿಸಿಲು ತಡೆಯುತ್ತದೆ, ಕೊಟ್ಟ ಕೆರ ಕಾಲು ಕಾಯುತ್ತದೆ. ನೂರು ಯೋಜನ ಅಗಲದ, ರಕ್ತ ಕೀವು ತುಂಬಿದ ವೈತರಣಿ ನದಿಯನ್ನು ಗೋದಾನದ ಪುಣ್ಯದಿಂದ ದಾಟಬಹುದು. ಬಾಲ ಹಿಡಿದ ಜೀವವನ್ನು ಹಸು ದಾಟಿಸುವ ದೃಶ್ಯ ಯಮಪಟದ ಯಾವುದಾದರೂ ಮೂಲೆಯಲ್ಲಿದ್ದರೆ ಅದನ್ನು ಮೊದಲು ಹುಡುಕಬೇಕು. ಹಾಳೆಯಲ್ಲಿ ಪಾರಾಗುವ ದಾರಿಯೆಂದು ಉಳಿದಿರುವುದು ಅದೊಂದೇ ಇರಬಹುದು.

ಬಳ್ಳಾರಿ ಸೀಮೆಯ ಕಣ್ಣಿನಲ್ಲಿ

ಇಂಥ ಪಟ ಒಂದು ಸೀಮೆಯ ಜನರಿಗೆ ಹೇಗೆ ಕಂಡಿರಬಹುದು ಎಂಬುದಕ್ಕೆ ಬಳ್ಳಾರಿಯನ್ನು ನೋಡೋಣ. ಬಳ್ಳಾರಿಗೆ ಮುದ್ರಣ ಬಹಳ ಬೇಗ ಬಂತು. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. ಮುಂದೆ ಇಲ್ಲಿಯೇ ಮಿಷನ್ನಿನ ಅಚ್ಚುಕೂಟ ನಡೆಯಿತು. ಆದರೆ ಅದು ಅಕ್ಷರದ ಅಚ್ಚು. ದೇವರ ಬಣ್ಣದ ಪಟಗಳು ಮುಂಬಯಿ ಕಡೆಯಿಂದ ಬರಬೇಕಾಗಿತ್ತು. ಮುಂಬಯಿ–ಮದರಾಸು ರೈಲುಮಾರ್ಗದ ಗುಂತಕಲ್ಲು ಬಳ್ಳಾರಿಗೆ ಹತ್ತಿರ. ಪಟದ ಕೆಳಗಿನ ಬರಹ ಸಾಮಾನ್ಯವಾಗಿ ನಾಗರಿ ಲಿಪಿಯಲ್ಲಿರುತ್ತಿತ್ತು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ಪ್ರಾಂತದಲ್ಲಿತ್ತು, ಇಲ್ಲಿನ ಮಾತು ಕನ್ನಡ ಮತ್ತು ತೆಲುಗು. ಬರಹ ಓದಲಾಗದವರಿಗೂ ಅರ್ಥವಾಗಬೇಕಾದ ಚಿತ್ರ ಸಂಕೋಚವಿಲ್ಲದೆ ಸ್ಪಷ್ಟವಾಗಿರಲೇಬೇಕು. ಯಮಪಟದ ಒರಟುತನವನ್ನು ಟೀಕಿಸುವವರು ಇದನ್ನು ನೆನೆಯಬೇಕು.

ಈ ಸೀಮೆಯವರಿಗೆ ಪರಲೋಕದ ಚಿತ್ರ ಹೊಸದಾಗಿರಲಿಲ್ಲ. ಊರೂರಿನ ವೀರಗಲ್ಲುಗಳಲ್ಲಿ ಅದು ಶತಮಾನಗಳಿಂದ ಇತ್ತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಸನ್ನಿಧಿ. ತುದಿಯಲ್ಲಿ ಸೂರ್ಯಚಂದ್ರರು. ವೀರಗಲ್ಲಿನ ಸೂರ್ಯಚಂದ್ರರು ಕೀರ್ತಿಯ ಶಾಶ್ವತತೆಗೆ ಗುರುತಾದರೆ, ಯಮನ ಆಸ್ಥಾನದ ಸೂರ್ಯಚಂದ್ರರು ಮನುಷ್ಯನ ನಡತೆಗೆ ಸಾಕ್ಷಿ. ವೀರಗಲ್ಲಿನಲ್ಲಿ ವಿಚಾರಣೆಯೇ ಇಲ್ಲ. ಒಂದು ಸಾವು ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ. ಯಮಪಟದಲ್ಲಿ ಇಡೀ ಬದುಕಿನ ಲೆಕ್ಕ ನಡೆಯುತ್ತದೆ.

ಏಕಶಿಲೆಯ ಬೃಹತ್ ನಂದಿಯಿರುವ ದೊಡ್ಡಬಸವೇಶ್ವರ ದೇವಾಲಯದಿಂದ ಹೆಸರಾದ ಕುರುಗೋಡಿನಲ್ಲಿ, ಸುತ್ತಲ ಹಳ್ಳಿಗಳಲ್ಲಿ ಲಿಂಗಾಯತ ಸಂಪ್ರದಾಯ ಗಟ್ಟಿಯಾದದ್ದು. ಆ ಸಂಪ್ರದಾಯದಲ್ಲಿ ಸತ್ತವರು ಲಿಂಗೈಕ್ಯರಾದರೆಂದು ಹೇಳುತ್ತಾರೆ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. 16 ಪಟ್ಟಣಗಳ ಪಯಣಕ್ಕೆ ಅಲ್ಲಿ ಸ್ಥಳವಿಲ್ಲ. ಸ್ವರ್ಗ ನರಕಗಳನ್ನು ಬೇರೆ ಲೋಕದಲ್ಲಿ ಹುಡುಕದೆ ಮನುಷ್ಯನ ನಡೆಯಲ್ಲೇ ಕಾಣಬೇಕೆಂಬುದು ವಚನಕಾರರ ನಿಲುವು. ತುಂಗಭದ್ರೆಯ ದಂಡೆಯ ಸಿರುಗುಪ್ಪದ ಕಡೆ ಪಿಂಡಪ್ರದಾನ ಮಾಡಿ ಹೊಳೆಗೆ ಬಿಡುವ ಮನೆಯವರಿಗೆ ಇದೇ ಪಟ ಕ್ರಿಯಾವಿಧಿಯ ಚಿತ್ರರೂಪವಾಗಿ ಕಾಣುತ್ತದೆ. ಪಟದ ಅರ್ಥ ಹಾಳೆಯಲ್ಲಿ ಮಾತ್ರವಿಲ್ಲ. ಅದನ್ನು ತೂಗುಹಾಕಿದ ಮನೆಯಲ್ಲೂ ಇದೆ.

ಹಂಪಿಯಲ್ಲಿ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಕುಮಾರವ್ಯಾಸನು ಬಿಟ್ಟ ಪರ್ವಗಳನ್ನು ಪೂರೈಸಿ ಕನ್ನಡ ಭಾರತವನ್ನು ಮುಗಿಸಿದ. ಅದರ ಕೊನೆಯ ಸ್ವರ್ಗಾರೋಹಣ ಪರ್ವದ ಕಥೆಯಲ್ಲಿ ನರಕವನ್ನು ಕಾಣುವವನು ಪಾಪಿಯಲ್ಲ, ಪಾಂಡವರ ಹಿರಿಯ ಧರ್ಮರಾಯ. ಸ್ವರ್ಗದಲ್ಲಿ ದುರ್ಯೋಧನನನ್ನೂ ನರಕದಲ್ಲಿ ತಮ್ಮಂದಿರನ್ನೂ ಕಂಡ ಅವನು, ತಮ್ಮಂದಿರಿರುವಲ್ಲೇ ಇರುತ್ತೇನೆಂದು ನಿಲ್ಲುತ್ತಾನೆ. ಇಂಥ ಕಥೆ ಕೇಳಿ ಬೆಳೆದ ಸೀಮೆಯಲ್ಲಿ ನರಕದ ಚಿತ್ರ ಅಂಜಿಕೆಯನ್ನಷ್ಟೇ ಹುಟ್ಟಿಸಿರಲಾರದು.

ಹೊರಗಿನ ಒಂದು ಹೋಲಿಕೆ

ಇಟಲಿಯ ಕವಿ ಡಾಂಟೆ 14ನೆಯ ಶತಮಾನದಲ್ಲಿ ಬರೆದ ‘ಡಿವೈನ್ ಕಾಮಿಡಿ’ 100 ಸರ್ಗಗಳ ಪರಲೋಕ ಕಾವ್ಯ. ಫ್ರಾನ್ಸಿನ ಗುಸ್ತಾವ್ ಡೋರೆ 1861ರಲ್ಲಿ ಅದರ ನರಕಭಾಗಕ್ಕೆ ಮರದಚ್ಚಿನ ಚಿತ್ರಗಳನ್ನು ಹೊರತಂದ. ಡಾಂಟೆಯ ನ್ಯಾಯಾಧಿಪತಿ ಮೈನಾಸ್ ತನ್ನ ಬಾಲವನ್ನು ಮೈಗೆ ಎಷ್ಟು ಸುತ್ತು ಸುತ್ತಿಕೊಳ್ಳುತ್ತಾನೋ ಪಾಪಿ ಅಷ್ಟನೆಯ ವಲಯಕ್ಕೆ ಇಳಿಯಬೇಕು. ಪುಸ್ತಕವೂ ಇಲ್ಲ, ಸಾಕ್ಷಿಯೂ ಇಲ್ಲ. ಡೋರೆ ಒಂದು ಪ್ರಸಂಗಕ್ಕೆ ಒಂದು ಹಾಳೆ ಕೊಟ್ಟದ್ದರಿಂದ ಪ್ರಯಾಣ ಉಳಿಯಿತು, ಪ್ರತಿ ಪಾಪಿಗೂ ಮುಖ ಸಿಕ್ಕಿತು. ಯಮಪಟದಲ್ಲಿ ಪಾಪಿಗೆ ಹೆಸರಿಲ್ಲ. ನೋಡುವವನು ತನ್ನನ್ನೇ ಅಲ್ಲಿ ಇಟ್ಟು ನೋಡಬೇಕು. ಡಾಂಟೆಯ ನರಕ ಕೊನೆಯಿಲ್ಲದ್ದು, ಗರುಡಪುರಾಣದ ನರಕ ಅನುಭವಿಸಿ ಮುಗಿಯುವಂಥದ್ದು. ಅನಂತರ ಮತ್ತೆ ಹುಟ್ಟು. ಎರಡನ್ನೂ ‘ನರಕದ ಚಿತ್ರ’ವೆಂದು ಒಂದೇ ಗೂಡಿನಲ್ಲಿಡುವವರು ಈ ಭೇದವನ್ನು ಮರೆಯುತ್ತಾರೆ.

ಕಾಲವನ್ನು ಅಂದಾಜಿಸುವುದು, ಕಾಪಾಡುವುದು

ಪಟದ ಕಾಲವನ್ನು ಅಂದಾಜಿಸಲು ಮೊದಲು ಭೂತಗನ್ನಡಿ ಬೇಕು. ಕಲ್ಲಚ್ಚಿನಲ್ಲಿ ಬಣ್ಣದ ಚುಕ್ಕೆಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲುಗಟ್ಟಿದ್ದರೆ ಅದು ನಂತರದ ಆಫ್‌ಸೆಟ್ ಅಚ್ಚು, ಎಷ್ಟೇ ಹಳೆಯದಾಗಿ ಕಂಡರೂ. ತಳದಂಚಿನ ಮುದ್ರಣಾಲಯದ ಹೆಸರು, ಊರು, ಸಂಖ್ಯೆ ಮುಖ್ಯ ಸಾಕ್ಷ್ಯಗಳು. ಕಟ್ಟು ಹಾಕುವವರು ಹಲವೊಮ್ಮೆ ಈ ಅಂಚನ್ನೇ ಕತ್ತರಿಸಿಬಿಡುತ್ತಾರೆ. ಮಳವಳಿಯ ಮುದ್ರಣಾಲಯ 1972ರ ಬೆಂಕಿಯಲ್ಲಿ ಸುಟ್ಟುಹೋದುದರಿಂದ ಮನೆಗಳಲ್ಲಿ ಉಳಿದ ಹಾಳೆಗಳ ಬೆಲೆ ಇನ್ನೂ ಹೆಚ್ಚಿದೆ.

ಇಂಥ ಪಟ ಮನೆಯಲ್ಲಿದ್ದವರು ಅದನ್ನು ಬಿಸಿಲು ಬೀಳುವ, ತೇವ ಹೀರುವ ಗೋಡೆಯಿಂದ ಇಳಿಸಬೇಕು. ಹರಿದ ಕಡೆ ಅಂಟುಪಟ್ಟಿ ಹಚ್ಚುವುದೂ ಲ್ಯಾಮಿನೇಷನ್ ಮಾಡಿಸುವುದೂ ಹಾಳೆಯನ್ನು ಶಾಶ್ವತವಾಗಿ ಕೆಡಿಸುತ್ತವೆ. ಹಿಂಬದಿಯ ಮರದ ಹಲಗೆಯ ಬದಲು ಆಮ್ಲರಹಿತ ರಟ್ಟು ಇಡಿಸಿ, ಅಂಚು ಕತ್ತರಿಸದೆ ಹೊಸ ಕಟ್ಟು ಹಾಕಿಸಬೇಕು. ಅದಕ್ಕೂ ಮುಂಚೆ ಹಾಳೆಯ ಎರಡೂ ಬದಿಯ ಫೋಟೊ ತೆಗೆದು, ಅದು ಯಾವ ಕಾಲದಲ್ಲಿ, ಎಲ್ಲಿಂದ ಮನೆಗೆ ಬಂತೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ.